ಬುರ್ಜಿನ ಸಿಂಹದ ಕೆಳಗಿಂದ ನೀಲವ್ವಳಿಗೆ

ಮಾನ್ಯ ಅಧ್ಯಕ್ಷರಾದ ಕಲ್ಲಿನ ಸಿಂಹ ಮಹಾರಾಜರೇ, ಬುರ್ಜಿನ ನೆತ್ತಿಯ ಮೇಲೆ ಬಾಯಿ ತೆರೆದೇ ಕುಳಿತಿದ್ದರೂ ಬಹಳ ಕಾಲದಿಂದ ಒಂದು ಮಾತನ್ನೂ ಆಡದ ತೋಪಿನ ಸಾಹೇಬರೇ, ಗೋಡೆಯ ಸಂದಿಯಲ್ಲಿ ಆಸನ ಸ್ವೀಕರಿಸಿರುವ ಪಾರಿವಾಳ ಬಂಧುಗಳೇ, ನೆರಳು ಹುಡುಕಿಕೊಂಡು ಬಂದಿರುವ ಆಡು ಭಗಿನಿಯರೇ! ತಿಕೋಟಾದಿಂದ ವಿಜಾಪುರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ ನಾನು, ಬಿ.ಎ. ಪಾಸಾದವನೂ ಬಾಬಲೇಶ್ವರದ ಬಸ್ಸು ತಪ್ಪಿಸಿಕೊಂಡವನೂ ಆದ ನಾನು, ಈ ಘನ ಸಭೆಯ ಮುಂದೆ ಎರಡು ಮಾತು ಆಡಲು ಅಪ್ಪಣೆ ಬೇಡುತ್ತೇನೆ. ಮಾತು ಎರಡೇ. ಉಳಿದದ್ದೆಲ್ಲ ಪ್ರಾಸ.

ತಂಗೀ ನೀಲವ್ವ,

ನಗಬ್ಯಾಡ. ಭಾಷಣ ಇಲ್ಲದೆ ನಿಮ್ಮಣ್ಣನಿಗೆ ಪತ್ರ ಸುರು ಮಾಡಲು ಬರುವುದಿಲ್ಲ ಅಂತ ನಿನಗೆ ಗೊತ್ತೇ ಇದೆ. ಮೊದಲು ರೂಢಿಯಂತೆ 'ಚಿ. ಸೌ. ತಂಗಿ ನೀಲವ್ವಳಿಗೆ' ಎಂದು ಬರೆಯಲು ಹೋದೆ. 'ಚಿ' ಅಂತ ಬರೆದೆ. ಚಿರಂಜೀವಿ ಅನ್ನುವ ಮಾತಿನ ಮೊದಲ ಅಕ್ಷರ. ಪೆನ್ನು ಅಲ್ಲಿಗೇ ನಿಂತಿತು. ನೀನು ಹೋದದ್ದು ಮಾಘದಲ್ಲಿ, ಈಗ ಶ್ರಾವಣ. ಸತ್ತ ತಂಗಿಗೆ ಯಾವ ಅಕ್ಷರ ಹಾಕಿ ಸುರು ಮಾಡಬೇಕು ಅಂತ ಸಾಲಿಯಲ್ಲಿ ನನಗೆ ಯಾರೂ ಕಲಿಸಲಿಲ್ಲ. ಇಷ್ಟು ವರ್ಷ ಮಾಸ್ತರಿಕೆ ಮಾಡಿ ನಾನೂ ನನ್ನ ಹುಡುಗರಿಗೆ ಕಲಿಸಿಲ್ಲ. ಅದಕ್ಕೇ ಸಿಂಹವನ್ನು ಅಧ್ಯಕ್ಷ ಮಾಡಿ, ಅದರ ಹಿಂದೆ ಅಡಗಿಕೊಂಡು, ನಿನ್ನ ಹತ್ತಿರ ಬಂದೆ.

ಕೂತಿರುವುದು ನಮ್ಮ ಜಾಗದಲ್ಲೇ. ಬುರ್ಜಿನ ಗೋಡೆಯ ಕೆಳಗೆ, ಬೇವಿನ ನೆರಳು ಬೀಳುವ ಆ ಬಂಡೆ. ತೋಪು ನೋಡಲು ಬಂದವರು ಪಕ್ಕದಿಂದಲೇ ದಬದಬ ಮೆಟ್ಟಿಲು ಹತ್ತುತ್ತಾರೆ, ತೋಪಿನ ಮೇಲೆ ಕೈಯಿಟ್ಟು ಏನೋ ಬೇಡಿಕೊಳ್ಳುತ್ತಾರೆ, ಇಳಿದು ಹೋಗುತ್ತಾರೆ. ಗೋಡೆಯಲ್ಲಿ ಕೆತ್ತಿದ ಸಿಂಹಗಳನ್ನು ಕತ್ತೆತ್ತಿ ನೋಡುವವರು ಇವತ್ತಿಗೂ ಕಡಿಮೆ. ಬುರ್ಜಿಗೆ ಹೆಸರು ಬಂದದ್ದೇ ಇವುಗಳಿಂದ ಅಂದರೆ, 'ಹೌದೇನ್ರಿ' ಅಂದು ಮತ್ತೆ ತೋಪಿನ ಕಡೆಗೇ ನಡೆಯುತ್ತಾರೆ. ನನ್ನ ತೊಡೆಯ ಮೇಲೆ ಅವ್ವ ಕಟ್ಟಿಕೊಟ್ಟ ನಾಗರಪಂಚಮಿಯ ಗಂಟಿದೆ. ಹೌದು ನೀಲವ್ವ, ಈ ವರ್ಷವೂ ಕಟ್ಟಿದ್ದಾಳೆ. ನಿನ್ನ ಗಂಡನ ಊರು ಬಾಬಲೇಶ್ವರಕ್ಕೆ ಹೋಗು ಅಂತ ನನ್ನನ್ನು ಹೊರಡಿಸಿದ್ದಾಳೆ. ನೀನಿಲ್ಲದ ಊರಿಗೆ ಅವ್ವ ಯಾಕೆ ಕಳಿಸಿದಳು ಅನ್ನುವುದನ್ನು ಹೇಳುತ್ತೇನೆ. ಹೇಳುವಷ್ಟು ಧೈರ್ಯ ಬರಲಿ, ತಡೆ.

ನಿನ್ನ ಮದುವೆಯ ದಿನ ಅಪ್ಪ ರುಮಾಲು ಸುತ್ತಿದ ಗಳಿಗೆ ನೆನಪಿದೆಯೇ? ನೀನು ತಲೆ ಬಗ್ಗಿಸಿ ಕೂತಿದ್ದಿ, ಕಾಣಿಸಿರಲಿಕ್ಕಿಲ್ಲ. ಬೀಗರಿಗೆ ಉಡುಗೊರೆ ಕೊಡುವ ಆಯೇರಿಯ ಹೊತ್ತು. ಗಂಡಿನ ಕಡೆಯ ಹಿರಿಯರಿಗೆ ವಯಸ್ಸಿನ ಪ್ರಕಾರ ಹೆಣ್ಣಿನ ತಂದೆ ರುಮಾಲು ಸುತ್ತಿ ಮಾನ ಮಾಡಬೇಕು. ನಿನ್ನ ಮಾವ ತೀರಿಕೊಂಡಿದ್ದರಿಂದ ಆ ಮನೆಗೆ ಹಿರಿಯ ಅಂದರೆ ನಿನ್ನ ದೊಡ್ಡಮಾವ. ಆ ಮನುಷ್ಯ ಕಡ್ಡಿ ಹಂಗೆ, ಬಾಗಿಲ ಹತ್ತಿರ ಜೋಳದ ಚೀಲಕ್ಕೆ ಒರಗಿ ಬೋಳುತಲೆ ಕೆರೆದುಕೊಳ್ಳುತ್ತಿದ್ದ. ಚಿಕ್ಕಮಾವನೋ, ಎದುರಿಗೇ ಲೋಡಿಗೆ ಆತುಕೊಂಡು, ಮೀಸೆ ತಿರುವುತ್ತ, ಮೂರು ಊರಿನ ಗೌಡಕಿ ತನ್ನದೇ ಅನ್ನುವ ಠೀವಿಯಲ್ಲಿ ಕೂತಿದ್ದ. ಅಪ್ಪ ಸೀದಾ ಹೋಗಿ ಮೊದಲ ರುಮಾಲನ್ನು ಚಿಕ್ಕಮಾವನ ತಲೆಗೆ ಸುತ್ತಿಬಿಟ್ಟ. ಹಂದರದಲ್ಲಿ ಗಪ್ಪನೆ ಮಾತು ನಿಂತವು. ತಪ್ಪು ತಿಳಿದ ಅಪ್ಪ ಎರಡನೆಯ ರುಮಾಲು ಹಿಡಿದು ಬಾಗಿಲ ಕಡೆ ಓಡಿದ. ದೊಡ್ಡಮಾವ ತಲೆ ಕೊಟ್ಟ, ಸುತ್ತಿಸಿಕೊಂಡ, ಎದ್ದು ನಿಂತು ಮೆಲ್ಲಗೆ ಅಂದ: "ನಮ್ಮ ಮನ್ಯಾಗ ಹಿರ್ಯಾರು ಯಾರು ಅನ್ನೂದು ಬೀಗರಿಗೆ ಗೊತ್ತಿಲ್ಲ. ಇರ್ಲಿ. ಬೀಗರ ಮನಿ ಹಾದಿ ನಮ್ಮ ಸೊಸಿಗೂ ಗೊತ್ತಿರೂದು ಬ್ಯಾಡ."

ದಿಲ್ಲಿಯ ದಂಡು ವಿಜಾಪುರಕ್ಕೆ ಮುತ್ತಿಗೆ ಹಾಕಿದ್ದು ಒಂದು ರಾಜ್ಯದ ಸಲುವಾಗಿ. ಬಾಬಲೇಶ್ವರದವರು ನಿನಗೆ ಹಾಕಿದ್ದು ಒಂದು ರುಮಾಲಿನ ಸಲುವಾಗಿ. ಅದೂ ಸಿಗದ ರುಮಾಲಲ್ಲ, ಎರಡನೆಯದಾಗಿ ಸಿಕ್ಕ ರುಮಾಲು.

ಮೊದಲ ಪಂಚಮಿಗೆ ನಿನ್ನನ್ನು ಕರೆಯಲು ಬಂದಾಗ ನಾನು ಹೊಸ ಕೋಟು ಹಾಕಿಕೊಂಡಿದ್ದೆ. ಅವ್ವ ಕಟ್ಟಿದ ಗಂಟಿನಲ್ಲಿ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಎಲ್ಲದರ ಮೇಲೆ ನಿನಗೊಂದು ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ಹಸಿರು ಬಳೆ. ಅಣ್ಣ ಹೋಗಬೇಕು, ತಂಗಿಯನ್ನು ಕರೆತರಬೇಕು, ತವರಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರಬೇಕು. ಆ ಹಬ್ಬಕ್ಕೆ ಬೇರೆ ಅರ್ಥ ಏನಿದೆ? ದೊಡ್ಡಮಾವ ಉಂಡಿ ಮುರಿದು ಬಾಯಿಗೆ ಹಾಕಿಕೊಂಡ.

"ಉಂಡಿ ಭಾಳ ಛಲೋ ಆಗ್ಯಾವ್ರಿ ಮಾಸ್ತರ."

"ಯಜಮಾನ್ರ, ತಂಗೀನ್ನ ಕರಿಯಾಕ ಬಂದೇನ್ರಿ."

"ಜ್ವಾಳದಾಗ ಕಸ ಭಾಳ ಐತಿ. ಬರೂ ವರ್ಷ ನೋಡೂಣು."

ಮರುವರ್ಷ ಎಮ್ಮೆ ಈಯುವುದಿತ್ತು. ಅದರ ಮರುವರ್ಷ ನಾನು ಬಾಯಿ ತೆರೆಯುವ ಮೊದಲೇ ಹೇಳಿದ: "ಎರಡ ವರ್ಷ ಕಳಸಲಿಲ್ಲ. ಈಗ ಕಳಿಸಿದರ ಮಂದಿ ಏನಂದಾರು? ಎರಡ ವರ್ಷ ತಪ್ಪ ಮಾಡಿದ್ರಿ ಅನ್ನೂದಿಲ್ಲೇನು?" ಇಂಥ ತರ್ಕಕ್ಕೆ ಬಿ.ಎ.ದಲ್ಲಿ ಪುಸ್ತಕ ಇಟ್ಟಿರಲಿಲ್ಲ. ಪ್ರತಿಸಲವೂ ನೀನು ನಡುಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದಿ. ಮುಖ ಕಾಣುತ್ತಿರಲಿಲ್ಲ, ಬಳೆಯ ಸಪ್ಪಳ ಕೇಳುತ್ತಿತ್ತು. ನಾನು 'ಬರತೇನಿ ತಂಗೀ' ಅಂದಾಗ ಆ ಸಪ್ಪಳವೂ ನಿಲ್ಲುತ್ತಿತ್ತು. ಅಪ್ಪ ತೀರಿಕೊಂಡಾಗ ಒಂದೇ ದಿನ ಬಂದಿ, ಮಣ್ಣು ಕೊಟ್ಟು ಅವತ್ತೇ ಹೊರಟಿ. ಸಾಯುವ ಮುಂದೆಯೂ ಅಪ್ಪ ಕೇಳಿದ್ದು ಅದನ್ನೇ: "ಆ ಮೀಸಿ ಇದ್ದಾಂವ ಸಣ್ಣಾಂವ ಅಂತ ಯಾರ ಕಂಡಿದ್ರೋ?"

ಒಬ್ಬನೇ ಹಿಂದಿರುಗುವಾಗ ವಿಜಾಪುರದಲ್ಲಿ ಬಸ್ಸು ಬದಲಿಸಬೇಕಲ್ಲ, ಆಗ ಈ ಸಿಂಹದ ಕೆಳಗೆ ಬಂದು ಕೂಡುವ ಚಟ ಹತ್ತಿದ್ದು. ಮುಖ ಒರೆಸಿಕೊಳ್ಳಲು ಒಂದು ಜಾಗ ಬೇಕಿತ್ತು. ಖಾಲಿ ಕೈಯಲ್ಲಿ ಮನೆಗೆ ಹೋದರೆ ಅವ್ವ ಹೊಸ್ತಿಲ ಮೇಲೆ ನಿಂತು ಬಾಬಲೇಶ್ವರದ ದಿಕ್ಕಿಗೆ ಮುಖ ಮಾಡಿ ಶಾಪ ಹಾಕುತ್ತಿದ್ದಳು: "ಆ ರುಮಾಲಿನ ಮುದುಕನ ತಲಿ ಬೋಳಾಗ್ಲಿ!" "ಮದಲ ಬೋಳೈತಿ ಬಿಡಬೇ," ಅಂದರೆ ನನಗೂ ಒಂದು ಬೈಗುಳ.

ಆಮೇಲಿನ ಕತೆಯನ್ನು ನೀನೇ ಇಲ್ಲಿ ಕೂತು ನನಗೆ ಹೇಳಿದ್ದಿ. ನಿನ್ನ ಗಂಡನ ಮನೆಯ ಓಣಿಯಲ್ಲಿ ಪಂಚಮಿಗೆ ದೊಡ್ಡ ಜೋಕಾಲಿ ಕಟ್ಟುತ್ತಿದ್ದರು. ಸೊಸೆಯಂದಿರು, ಹೆಣ್ಣುಮಕ್ಕಳು ಎಲ್ಲರೂ ಹತ್ತುವವರು. ನೀನು ಮೊದಲ ವರ್ಷದಿಂದಲೂ ಹತ್ತಲಿಲ್ಲ. "ನಾ ಅತ್ತಿಲ್ಲಣ್ಣ, ಜಗಳಾನೂ ತಗದಿಲ್ಲ. ಜೋಕಾಲಿ ಹತ್ತಲಿಲ್ಲ, ಅಷ್ಟ." ಬಾರ ನೀಲವ್ವ ಅಂತ ಕರೆದವರಿಗೆಲ್ಲ ನಿನ್ನದು ಒಂದೇ ಮಾತು: "ನಂದು ತಿಕೋಟಾದಾಗ ಕಟ್ಯಾರ. ಮದಲ ಅದು, ಆಮ್ಯಾಲ ಇದು." ರೊಟ್ಟಿ ಬಡಿದಿ, ಎಮ್ಮೆ ಹಿಂಡಿದಿ, ಜೋಳದ ಕಸ ತೆಗೆದಿ, ದೊಡ್ಡಮಾವನ ಕಾಲಿಗೆ ನೀರು ಕೊಟ್ಟಿ. ಜೋಕಾಲಿ ಮಾತ್ರ ಹತ್ತಲಿಲ್ಲ. ನಾಲ್ಕೈದು ಪಂಚಮಿ ಹೀಗೇ ಹೋದವು. ಕಡೆಗೆ ಓಣಿಯ ಹೆಂಗಸರು ದೊಡ್ಡಮಾವನ ಮುಖಕ್ಕೇ ಹೇಳ ಹತ್ತಿದರು: "ಯಜಮಾನ್ರ, ನಿಮ್ಮ ಸೊಸಿ ನೆಲದ ಮ್ಯಾಲ ನಿಂತಿರೂತನ ನಮಗ ಜೀಕೂದು ಸೇರವಲ್ದರಿ." ಮುದುಕ ಅಲುಗಿದ್ದು ಅಲ್ಲಿ. ಬಾಬಲೇಶ್ವರದ ಬಸ್ಸಿನ ಕಂಡಕ್ಟರ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ತಿಕೋಟಾ ಬಸ್ಸಿನ ಕಂಡಕ್ಟರನಿಗೆ ಹೇಳಿದ, ಅವನು ನಮ್ಮ ಮನೆಯ ಮುಂದೆ ಬಸ್ಸು ನಿಲ್ಲಿಸಿ ಕೂಗಿದ: "ಮಾಸ್ತರ್, ಉಂಡಿ ತರೂದು ಬ್ಯಾಡಂತ್ರಿ, ತಂಗೀನ್ನ ಒಯ್ಯಾಕ ಬರಬೇಕಂತ್ರಿ!"

ಅವತ್ತು ನೀನು ಮೊದಲ ಸಲ ಈ ಸಿಂಹವನ್ನು ನೋಡಿದಿ. ಇಳಕಲ್ ಸೀರೆ, ಹೆಗಲಲ್ಲಿ ಗಂಟು, ಐದು ವರ್ಷದ ಮಾತೆಲ್ಲ ಒಂದೇ ಬಸ್ಸಿನಲ್ಲಿ ಆಡಿ ಮುಗಿಸಿದ್ದಿ. ತಿಕೋಟಾದ ಬಸ್ಸು ತಡವಿತ್ತು. ತೋಪು ತೋರಿಸಲು ಕರೆತಂದೆ. ತೋಪಿನ ಬಾಯಿಯ ದವಡೆಯಲ್ಲಿ ಸಿಕ್ಕಂತೆ ಕೆತ್ತಿದ ಆನೆ ಕಂಡು 'ಒಲ್ಲೆ ಯಣ್ಣಾ' ಅಂತ ಕೆಳಗಿಳಿದಿ. ಇಳಿದವಳು ಗೋಡೆ ನೋಡಿ ಅಲ್ಲೇ ನಿಂತಿ, ಸೆರಗು ಹೊದ್ದು ಕೈಮುಗಿದಿ.

"ಅಣ್ಣಾ, ಅವ್ವ ಎಲ್ಲಿ ಹೋಗ್ಯಾಳ?"

"ಯಾವ ಅವ್ವ?"

"ಇದರ ಮ್ಯಾಲ ಕೂಡೂ ಅವ್ವ. ಅಂಬವ್ವ. ಬರೇ ಸಿಂಹ ಐತಲ್ಲ ಇಲ್ಲಿ?"

ನನ್ನೊಳಗಿನ ಬಿ.ಎ. ಎದ್ದು ನಿಂತ. "ಹುಚ್ಚೀ, ಇದು ದೇವರ ಸಿಂಹ ಅಲ್ಲ. ಬಾದಶಾಹಿ ಸಿಂಹ. ಈ ಊರು ಯಾರಿಗೂ ಬಗ್ಗೂದಿಲ್ಲ ಅಂತ ಹೇಳಾಕ ಕೆತ್ತಿಸ್ಯಾರ. ದಿಲ್ಲಿ ಬಾದಶಹ ಲಕ್ಷಗಟ್ಟಲೆ ದಂಡು ತಂದು ಊರ ಸುತ್ತ ಕುಂತ. ಒಳಗ ಕಾಳಿಲ್ಲ, ಕಡ್ಡಿಲ್ಲ. ಆದರೂ ವರ್ಷದ ಮ್ಯಾಲ ತಡದ್ರು."

"ಗೆದ್ದರೇನು?"

"ಇಲ್ಲ. ಸೋತರು."

"ಮತ್ತ ಇದ್ಯಾಕ ಇನ್ನೂ ಗುರ್ ಅನ್ನಾಕತ್ತೈತಿ?"

"ಕಲ್ಲು. ಬಾಯಿ ಮುಚ್ಚಾಕ ಬರೂದಿಲ್ಲ," ಅಂದೆ. ನೀನು ಒಪ್ಪಲಿಲ್ಲ. ಬಂಡೆಯ ಮೇಲೆ ಕೂತು, ಕಾಲು ಜೋಲಿಬಿಟ್ಟು, ನನಗೇ ಪಾಠ ಹೇಳಿದಿ: "ನಿನಗ ಏನೂ ತಿಳೀದಿಲ್ಲ ಬಿಡಣ್ಣ. ಅವ್ವ ಪಂಚಮಿಗೆ ತವರಿಗೆ ಹೋಗ್ಯಾಳ. ಮನಿ ನೋಡ್ಕೋ ಅಂತ ಇದಕ್ಕ ಹೇಳಿ ಹೋಗ್ಯಾಳ. ಯಾರರೇ ಬರಲಿ, ಯಾರರೇ ಗೆಲ್ಲಲಿ, ಇನ್ನ ಸಾಕ ಅಂತ ಇದಕ್ಕ ಯಾರೂ ಹೇಳಿಲ್ಲ. ಹೇಳೂತನ ಗುರ್ ಅಂತೈತಿ." ಇತಿಹಾಸದ ಪುಸ್ತಕ ಬರೆಯುವವರು ನಿನ್ನನ್ನು ಕೇಳಿ ಬರೆದಿದ್ದರೆ... ಇರಲಿ.

ಅಲ್ಲೇ ನಿನ್ನ ಬಾಯಿಂದ ಒಡಪು ಹೇಳಿಸಿದೆ, ನೆನಪಿದೆಯೇ? ಗಂಡನ ಹೆಸರು ಹೇಳದೆ ಬಸ್ಸು ಹತ್ತಿಸುವುದಿಲ್ಲ ಅಂತ ಹಟ ಹಿಡಿದೆ. ಮದುವೆಯಲ್ಲಿ ರುಮಾಲಿನ ಗದ್ದಲದಲ್ಲಿ ನಿನ್ನ ಒಡಪು ಯಾರೂ ಕೇಳಿರಲಿಲ್ಲ. ನೀನು ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು, ಸಿಂಹದ ಕಡೆ ನೋಡಿ, ಒಂದು ಉಸಿರಿನಲ್ಲಿ ಅಂದಿ:

"ಕಲ್ಲಿನ ಸಿಂಹಕ್ಕ ಕಣ್ಣಿಗಿ ರೆಪ್ಪಿಲ್ಲ,
ಕಾಯಾಕ ನಿಂತಿದ್ದಕ್ಕ ನಿದ್ದಿಯ ನೆಪ್ಪಿಲ್ಲ,
ನಮ್ಮ ಈರಪ್ಪರದು ಇದರಾಗ ಏನೂ ತಪ್ಪಿಲ್ಲ."

ಮೂರು ಸಾಲು. ಗಂಡನ ಹೆಸರೂ ಬಂತು, ಗಂಡನ ಮೇಲಿನ ಅಪವಾದವೂ ಹೋಯಿತು. ಪದ್ಯ ಬರೆಯುತ್ತೇನೆ ಅಂತ ಹೆಮ್ಮೆಪಟ್ಟುಕೊಂಡಿದ್ದ ನಾನು ಮೂರು ದಿನ ಹೊಟ್ಟೆಕಿಚ್ಚು ಪಟ್ಟೆ. ಬುರ್ಜು ಕಾಯುವ ಚಾಚಾ ದೂರದಿಂದಲೇ ಚಪ್ಪಾಳೆ ತಟ್ಟಿದ. ಹೊರಡುವ ಮುಂದೆ ನೀನು ಒಂದು ಉಂಡಿ ಮುರಿದು ಸಿಂಹದ ಕೆಳಗಿಟ್ಟಿ. ನಾವು ಬೆನ್ನು ತಿರುಗಿಸುವುದರೊಳಗೆ ಆಡು ತಿಂದಿತು.

ಅವತ್ತಿನಿಂದ ಅದು ಪದ್ಧತಿಯೇ ಆಗಿಬಿಟ್ಟಿತು. ಪ್ರತಿ ಪಂಚಮಿಗೆ ಬಾಬಲೇಶ್ವರದಿಂದ ಕರೆತರುವುದು, ಎರಡು ಬಸ್ಸಿನ ನಡುವೆ ಇಲ್ಲಿ ಕೂಡುವುದು, ಒಂದು ಉಂಡಿ ಸಿಂಹಕ್ಕೆ, ಒಂದು ಚಾಚಾನಿಗೆ. "ಬಹಿನ್, ನಿಮ್ಮ ಕೈಯಾಗ ನಮ್ಮ ಶೇರ್ ಮಾಂಸ ಬಿಟ್ಟು ಶೇಂಗಾ ತಿನ್ನೂದು ಕಲಿತದ ನೋಡ್ರಿ," ಅನ್ನುತ್ತಿದ್ದ ಆತ. ಆಮೇಲೆ ನಿನ್ನ ಕಂಕುಳಲ್ಲಿ ಶಾಂತಾ ಬಂದಳು. ಚೊಚ್ಚಲ ಹೆರಿಗೆಗೆ ದೊಡ್ಡಮಾವ ತಾನಾಗಿಯೇ ತಿಕೋಟಾಕ್ಕೆ ಕಳಿಸಿದ. ಅಷ್ಟಾದರೂ ಅವ್ವ ಆತನನ್ನು ಬೈಯುವುದು ಬಿಡಲಿಲ್ಲ. ಬೆಳಿಗ್ಗೆ ಹಾಲು ಕಾಸುವಾಗೊಮ್ಮೆ, ಸಂಜೆ ದೀಪ ಹಚ್ಚುವಾಗೊಮ್ಮೆ. ನೀನೇ ಹೇಳುತ್ತಿದ್ದಿ, "ಸಾಕ ಮಾಡಬೇ, ಮುದುಕಗ ಬಿಕ್ಕಳಿಕಿ ಹತ್ತಿ ಹತ್ತಿ ಸೊರಗಿ ಹೋಗ್ಯಾನ."

ಹೋದ ದೀಪಾವಳಿಗೆ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ನೀನು ಬಂದು ಉಪಚಾರ ಮಾಡಿ ಹೋದಿ. ಎದೆಗೆ ಏಟು ಬೀಳುವಂಥ ಸುದ್ದಿ ಏನೂ ಮುಟ್ಟಿಸಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದಿ. ಅಂಥ ಸುದ್ದಿ ನೀನೇ ಆಗುತ್ತಿ ಅಂತ ಆ ಡಾಕ್ಟರಿಗೆ ಗೊತ್ತಿತ್ತೇ? ನಿನಗೆ? ಮಾಘದಲ್ಲಿ ಜ್ವರ ಬಂತು ಅಂದರು. ಮರುವಾರ ಇಳಿದಿದೆ ಅಂದರು. ಅದರ ಮರುದಿನ ಬೆಳಿಗ್ಗೆ ತಿಕೋಟಾದ ಕಂಡಕ್ಟರ್ ಬಸ್ಸು ನಿಲ್ಲಿಸಿದ, ಕೂಗಲಿಲ್ಲ. ಇಳಿದು ಬಂದು ನನ್ನ ಕೈ ಹಿಡಿದುಕೊಂಡ. ಕೂಗದ ಕಂಡಕ್ಟರನನ್ನು ನಾನು ಅವತ್ತೇ ನೋಡಿದ್ದು.

ನಿನ್ನ ಮಣ್ಣಿಗೆ ಬಂದೆ. ದೊಡ್ಡಮಾವ ಜೋಳದ ಚೀಲಕ್ಕೆ ಒರಗಿ, ತಲೆಗೆ ಏನೂ ಇಲ್ಲದೆ, ಗೋಡೆ ನೋಡುತ್ತ ಕೂತಿದ್ದ. ಈರಪ್ಪ ಶಾಂತಾಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ, ಮಗು ಮಲಗಿತ್ತು. ಮೂರು ಹಿಡಿ ಮಣ್ಣು ಹಾಕಿದೆ. ಅವ್ವ ಒಬ್ಬಳೇ ಇದ್ದಾಳೆ ಅಂತ ಹೇಳಿ, ನೀರು ಕೂಡ ಕುಡಿಯದೆ, ಸಿಕ್ಕ ಬಸ್ಸು ಹತ್ತಿ ತಿರುಗಿ ಬಂದೆ. ಊರ ಹೊರಗಿನ ಬಾವಿಯಲ್ಲಿ ಸ್ನಾನ ಮಾಡಿ ಮನೆ ಹೊಕ್ಕೆ.

"ಎಲ್ಲಿ ಹೋಗಿದ್ದೋ?" ಅಂದಳು ಅವ್ವ.

"ಸಾಲಿ ತಪಾಸಣಿ ಇತ್ತಬೇ. ಸಾಹೇಬರು ಬಂದಿದ್ರು."

"ತಲಿ ಯಾಕ ಹಸೀ ಐತಿ?"

"ಸಾಹೇಬರು ಭಾಳ ಬೆವರಿಳಿಸಿದ್ರು."

ಹೇಗಿದೆ ನಿಮ್ಮಣ್ಣನ ಹಾಸ್ಯ? ಅವತ್ತೂ ಬಿಡಲಿಲ್ಲ ಅದು ನನ್ನ. ನನ್ನ ಹೆಂಡತಿ, ನಿನ್ನ ವೈನಿ, ದನದ ಕೊಟ್ಟಿಗೆಗೆ ಹೋಗಿ ಅತ್ತು ಬಂದಳು. ಓಣಿ ಪೂರ್ತಿ ನಾಟಕ ಕಂಪನಿಯಾಯಿತು. ಎಲ್ಲರಿಗೂ ಪಾತ್ರ ಕೊಟ್ಟೆ, ಮಾತು ಬರೆದುಕೊಟ್ಟೆ: ನೀಲವ್ವ ಆರಾಮ ಇದ್ದಾಳ, ಸುಗ್ಗಿ ಕೆಲಸ ಭಾಳ, ಬರಾಕ ಆಗವಲ್ದು. ಪಾರ್ಟು ಚಂದ ಮಾಡಿದರು. ಒಂದೇ ಕೊರತೆ: ಬಾಗಿಲ ತನಕ ಬಂದ ಹೆಂಗಸರು ಒಳಗೆ ಬರದೆ ಹಾಗೇ ತಿರುಗುತ್ತಿದ್ದರು. ಅವ್ವ ಮಾತ್ರ ಏನೂ ಕೇಳುತ್ತಿರಲಿಲ್ಲ. ಬೈಯುವುದನ್ನೂ ಬಿಟ್ಟಳು. ಮಾಘದಿಂದ ಈಚೆಗೆ ದೊಡ್ಡಮಾವನ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನಾನೇನು ತಿಳಿದೆ ಗೊತ್ತೇ? ಔಷಧಿ ತಾಗುತ್ತಿದೆ, ಅವ್ವನ ಸಿಟ್ಟು ಇಳಿಯುತ್ತಿದೆ, ಸುಧಾರಿಸುತ್ತಿದ್ದಾಳೆ ಅಂತ ತಿಳಿದೆ.

ಹೋದ ವಾರ ಕಂಡಕ್ಟರ್ ಮತ್ತೆ ನಮ್ಮ ಮನೆಯ ಮುಂದೆ ಇಳಿದ. ದೊಡ್ಡಮಾವ ಹೇಳಿ ಕಳಿಸಿದ್ದನಂತೆ: "ಪಂಚಮಿಗೆ ಮೊಮ್ಮಗಳನ್ನ ಕರಿಯಾಕ ಬರ್ರಿ. ಕೇಳೂದು ಬ್ಯಾಡ, ಕರಕೊಂಡ ಹೋಗೂದ. ಜೋಕಾಲಿ ತವರಾಗ ಆಡಬೇಕು." ಕೇಳಿದಿಯಾ ನೀಲವ್ವ? ಮುತ್ತಿಗೆ ಹಾಕಿದ ಮುದುಕ ತಾನೇ ಬಂದು ಬಾಗಿಲು ತೆರೆದಿದ್ದಾನೆ. ನಾನು ಆ ಸುದ್ದಿಯನ್ನು ಅವ್ವನಿಗೆ ಹೇಳಲಿಲ್ಲ. ಹೇಳಿದರೆ, 'ಮಗು ಬರ್ತೈತಿ, ತಾಯಿ ಯಾಕ ಬರಂಗಿಲ್ಲ?' ಅಂತ ಕೇಳಿದರೆ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಎಂದಿನಂತೆ ನಿನ್ನನ್ನು ಕರೆಯಲು ಹೊರಟಂತೆ ಹೊರಡುವುದು. ಇಲ್ಲಿ ಸಿಂಹದ ಕೆಳಗೆ ಸಂಜೆಯ ತನಕ ಕೂಡುವುದು. ತಿರುಗಿ ಹೋಗಿ, 'ಮುದುಕ ಮತ್ತ ಹಟ ಹಿಡದಾನಬೇ, ಕಳಸಲಿಲ್ಲ' ಅನ್ನುವುದು. ಅವ್ವ ಆತನನ್ನು ಮನಸಾರೆ ಬೈಯುತ್ತಾಳೆ. ಆತನಿಗೆ ಬಿಕ್ಕಳಿಕೆ ಬರುತ್ತದೆ. ಎಲ್ಲರೂ ಮೊದಲಿನಂತೆ ಇರುತ್ತೇವೆ, ಒಬ್ಬಳನ್ನು ಬಿಟ್ಟು.

ಇವತ್ತು ಬೆಳಿಗ್ಗೆ ಅವ್ವ ಎಡಗೈಯೊಂದರಲ್ಲೇ ಗಂಟು ಕಟ್ಟಿದಳು. ಒಂದು ತುದಿ ಹಲ್ಲಲ್ಲಿ ಕಚ್ಚಿ ಹಿಡಿದು, ಇನ್ನೊಂದನ್ನು ಕೈಯಿಂದ ಎಳೆದು. ಕೊಡು ಅಂದರೆ ಕೊಡಲಿಲ್ಲ. "ಬಿಚ್ಚಿ ನೋಡಬ್ಯಾಡ, ಹಾದಿಮ್ಯಾಗ ಉಂಡಿ ತಿನ್ನೂ ಚಟ ಐತಿ ನಿನಗ," ಅಂದಳು. ಹೊಸ್ತಿಲು ದಾಟುವಾಗ ಹಿಂದಿನಿಂದ, "ಬರೇಗೈಲೆ ಬರಬ್ಯಾಡೋ," ಅಂದಳು. ಆ ದನಿ... ನಾನು ತಿರುಗಿ ನೋಡಲಿಲ್ಲ.

ಇಲ್ಲಿಗೆ ಬಂದು ಕೂತ ಕೂಡಲೆ ಚಾಚಾ ಬಂದ. ಅತ್ತ ನೋಡಿದ, ಇತ್ತ ನೋಡಿದ. "ಬಹಿನ್ ಎಲ್ಲ್ಯದಾರ್ರಿ ಮಾಸ್ತರ್ ಸಾಬ್?"

ಸಂಜೆ ಅವ್ವನ ಮುಂದೆ ಆಡಬೇಕಾದ ಮಾತನ್ನು ಆತನ ಮೇಲೆ ಒಮ್ಮೆ ಆಡಿ ನೋಡಿದೆ. "ಈ ಸಲ ಕಳಸಲಿಲ್ರಿ."

"ಅರೇ! ಮತ್ತ ಸುರು ಮಾಡಿದನೇನು ಆ ರುಮಾಲಿನಾಂವ? ಇರ್ಲಿ ಬಿಡ್ರಿ, ಬರೂ ವರ್ಷ ಬರ್ತಾರ," ಅಂದು ಹೋದ. ಸುಳ್ಳು ಚೆನ್ನಾಗಿಯೇ ಓಡಿತು. ಆತ ಅಷ್ಟು ಸಲೀಸಾಗಿ 'ಬರೂ ವರ್ಷ' ಅಂದನಲ್ಲ, ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಬರುವ ವರ್ಷ ಬರುತ್ತಿ ಅಂತ. ಬಾಬಲೇಶ್ವರದ ಬಸ್ಸು ಆ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ತಪ್ಪಿಸಿಕೊಂಡೆ ಅಂದೆನಲ್ಲ ಮೊದಲು, ಅದು ಬರೀ ಮಾತು. ಕೂತುಕೊಂಡೇ ಅದನ್ನು ಕಳಿಸಿದೆ.

ಹೊಟ್ಟೆ ಹಸಿದಿತ್ತು, ಗಂಟು ಬಿಚ್ಚಿದೆ. ಉಂಡಿ ಇದ್ದವು. ಖಣ ಇರಲಿಲ್ಲ. ಮುತ್ತೈದೆ ಮಗಳಿಗೆ ಅವ್ವ ಇಷ್ಟು ವರ್ಷದಲ್ಲಿ ಒಮ್ಮೆಯೂ ಖಣವಿಲ್ಲದೆ ಗಂಟು ಕಟ್ಟಿದವಳಲ್ಲ. ಕೆಳಗೆ ಕೈಹಾಕಿದೆ. ಹಸಿರು ಬಳೆ ಸಿಕ್ಕವು. ನನ್ನ ಎರಡು ಬೆರಳು ಕೂಡ ಸರಿಯಾಗಿ ಹಿಡಿಸದಂಥ ಬಳೆ. ಅದರ ಕೆಳಗೆ ಒಂದು ಪುಟ್ಟ ಪರಕಾರ, ನಾಲ್ಕು ವರ್ಷದ ಕೂಸಿಗೆ ಆಗುವಂಥದು. ಹೊಲಿಗೆ ನಿನ್ನ ವೈನಿಯದು, ಗುರುತು ಹಿಡಿದೆ. ಗಂಟಿನ ಒಳಗೆ ನಿನಗಾಗಿ ಏನೂ ಇಲ್ಲ. ಏನೂ ಇಲ್ಲ ನೀಲವ್ವ.

ಅವ್ವನಿಗೆ ಗೊತ್ತಿದೆ. ಯಾವಾಗಿನಿಂದ? ನನ್ನ ತಲೆ ಹಸಿ ಇದ್ದ ಆ ಸಂಜೆಯಿಂದಲೇ ಇರಬೇಕು. ಮಗಳಿಗೆ ಮಣ್ಣು ಕೊಟ್ಟವರನ್ನು ಬೈಯಲು ನಾಲಿಗೆ ಏಳದೆ ಬೈಯುವುದನ್ನು ಬಿಟ್ಟಿದ್ದಾಳೆ. ಮಗ ಪಡುವ ಪಾಡು ನೋಡಲಾರದೆ, ಅವನಿಗೆ ಸಂಕಟವಾದೀತು ಅಂತ, ಬಾಯಿಗೆ ಸೆರಗು ತುರುಕಿಕೊಂಡು ಆರು ತಿಂಗಳು ಮಲಗಿದ್ದಾಳೆ. ಅವಳಿಗೆ ಗೊತ್ತಿರುವುದು ವೈನಿಗೂ ಗೊತ್ತು, ಓಣಿಗೂ ಗೊತ್ತು. ನಾಟಕದಲ್ಲಿ ಪಾರ್ಟು ಮಾಡುತ್ತಿದ್ದವನು ನಾನೊಬ್ಬನೇ. ಉಳಿದವರೆಲ್ಲ ಕೂತು ನೋಡಿದರು, ನಾನು ಮಾತು ಮರೆಯದಿರಲಿ ಅಂತ. ನಿನ್ನ ಸಲುವಾಗಿ ತಾಯಿ ಮಗ ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆ ಈಚೆ, ಬೇರೆ ಬೇರೆ ಅತ್ತಿದ್ದೇವೆ. ಒಮ್ಮೆಯಾದರೂ ಕೂಡಿ ಅತ್ತಿದ್ದರೆ...

ಇನ್ನೊಂದು ಬಸ್ಸಿದೆ. ಅದಕ್ಕೆ ಹೋಗುತ್ತೇನೆ. ಕೇಳು, ನಿನಗೆ ಗೊತ್ತಿಲ್ಲದ ಸುದ್ದಿ ಇದು: ಈ ಪಂಚಮಿಗೆ ನಿನ್ನ ಮಗಳು ತಿಕೋಟಾದ ಬೇವಿನ ಮರದ ಕೆಳಗೆ ಜೋಕಾಲಿ ಹತ್ತುತ್ತಾಳೆ. ಅವ್ವನ ಮಂಚವನ್ನು ಅಂಗಳಕ್ಕೆ ತರುತ್ತೇನೆ, ಎಡಗೈಯಿಂದ ಅವಳೇ ಮೊದಲ ಜೀಕು ಕೊಡಲಿ. ಆಮೇಲೆ ನಾವಿಬ್ಬರೂ ಕೂಡಿ ನಿನ್ನ ಹೆಸರು ಹಿಡಿದು ಅಳುತ್ತೇವೆ. ಪ್ರತಿ ವರ್ಷ ಕರೆತರುತ್ತೇನೆ. ನನ್ನ ಕಾಲು ನಡೆಯುವ ತನಕ ಯಾರೂ ಅವಳನ್ನು ನೆಲದ ಮೇಲೆ ನಿಲ್ಲಿಸುವುದಿಲ್ಲ. ಇದು ಮಾತು.

ಆದರೆ ಹೊರಡುವ ಮುಂದೆ ಒಂದು ಖರೇ ಹೇಳಬೇಕು, ಪ್ರಾಸ ಬಿಟ್ಟು. ಇಷ್ಟು ತಿಂಗಳು ನಾನು ಬಾಬಲೇಶ್ವರಕ್ಕೆ ಹೋಗದೇ ಇದ್ದದ್ದು ಅವ್ವನ ಎದೆಯ ಸಲುವಾಗಿ ಅಲ್ಲ. ಇವತ್ತು ಇಲ್ಲಿ ಕೂತದ್ದೂ ಅವಳ ಸಲುವಾಗಿ ಅಲ್ಲ. ನಿನ್ನ ಮಣ್ಣಿನ ದಿನ ನಾನು ಹೊರಡುವಾಗ ಈರಪ್ಪನ ಹೆಗಲ ಮೇಲೆ ಶಾಂತಾ ಎಚ್ಚರಾದಳು. ನನ್ನ ನೋಡಿದಳು, 'ಮಾಮಾ' ಅಂದು ನಕ್ಕಳು. ಥೇಟ ನಿನ್ನ ನಗೆ, ಅದೇ ಬಾಯಿ. ನನ್ನ ಕಡೆಗೆ ಎರಡೂ ಕೈ ಚಾಚಿದಳು.

ನಾನು ಎತ್ತಿಕೊಳ್ಳಲಿಲ್ಲ.